ಬ್ರೇಕಿನ ತಂತಿ

ಯಾರೂ ಕಲಿಸಲಿಲ್ಲ ಅಂದರೆ ಪೂರ್ತಿ ನಿಜವಾಗುವುದಿಲ್ಲ.
ಗರಗಸ ಒಂದಷ್ಟು ಕಲಿಸಿತು,
ಅಂತ್ಸಿರಾಬೆಯ ಜುಲೈ ಚಳಿ ಒಂದಷ್ಟು:
ಕೈ ಮರಗಟ್ಟಿದ ದಿನ ಎರಡೇ ಬೆರಳಲ್ಲಿ
ಎಷ್ಟು ದೂರ ಹೋಗಬಹುದು ಅಂತ.

ನನ್ನ ಕಬೂಸಿಯ ಒಡಲು ಸೋಪಿನ ಪೆಟ್ಟಿಗೆ.
ಮೂಗಿಟ್ಟರೆ ಈಗಲೂ ನಿಂಬೆ.
ತಂತಿ ನನ್ನದೇ ಅಂಗಡಿಯದು, ಸವೆದ ಬ್ರೇಕಿನ ಕೇಬಲ್ಲು.
ಬಿಚ್ಚಿದರೆ ಒಳಗೆ ಹತ್ತೊಂಬತ್ತು ಎಳೆ,
ಬಾಚದ ತಲೆಯ ಹಾಗೆ ಸಿಕ್ಕು.
ನಾಲ್ಕು ಸಾಕು. ಉಳಿದದ್ದರಲ್ಲಿ
ಹೆಂಡತಿ ಲಾಲಾವು ಟೊಮೇಟೊ ಗಿಡ ಕಟ್ಟುತ್ತಾಳೆ.

ಇಳಿಜಾರಿನಲ್ಲಿ ಮೂರು ಮೂಟೆ ಇದ್ದಿಲು ಹೊತ್ತ ಸೈಕಲ್ಲನ್ನು
ಹಿಡಿದು ನಿಲ್ಲಿಸಿದ ತಂತಿ ಅದು.
ನುಡಿಯುವಾಗ ನೆನಪಾಗುತ್ತದೋ ಏನೋ,
ಲಯ ಓಡತೊಡಗಿದರೆ ತಾನೇ ಹಿಂದಕ್ಕೆ ಜಗ್ಗುತ್ತದೆ.
ಅಥವಾ ನನ್ನ ಕೈಯೇ ನಿಧಾನ. ಹಾಗನ್ನುವವರೂ ಇದ್ದಾರೆ.

ಸ್ವರಗಳ ಹೆಸರು ನನಗೆ ಗೊತ್ತಿಲ್ಲ.
ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವ ರಫಾರಲಾಹಿ ಮೇಷ್ಟ್ರು
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟರು.
ಆ ವಾರವೇ ಗೋಡೆಗೆ ಸುಣ್ಣ ಹೊಡೆಸಿದೆವು.
ನಾನಿಟ್ಟ ಹೆಸರುಗಳಿವೆ: ತೀರ ಕೆಳಗಿನದು ಎತ್ತು,
ಅದರ ಮೇಲಿನದು ಪುರಸಭೆಯ ಬಾಗಿಲು,
ಕೊನೆಯ ಸಣ್ಣದು ಅತ್ತಿಗೆ.
ಯಾಕೆಂದು ಅವಳೆದುರು ಹೇಳುವುದಿಲ್ಲ.

ಹಾಡು ಹೇಗೆ ಹುಟ್ಟುತ್ತದೆ ಅಂತ ಕೇಳುತ್ತಾರೆ,
ಪಂಕ್ಚರ್ ಹಾಕುತ್ತ ಕೂತಾಗಲೇ ಕೇಳುತ್ತಾರೆ.
ಬೋಗುಣಿಯ ನೀರು ತೋರಿಸುತ್ತೇನೆ.
ಟ್ಯೂಬು ಮುಳುಗಿಸಿ, ಒತ್ತಿ, ತುಸು ತಿರುಗಿಸಿ, ಒತ್ತಿ,
ಮಾತಾಡದೆ ಕಾಯಬೇಕು.
ಎಲ್ಲೋ ಒಂದು ಗುಳ್ಳೆ ಏಳುತ್ತದೆ.
ಹೆಚ್ಚಿನ ದಿನ ಅದು ವಾಲ್ವಿನದು, ಸುಳ್ಳು ಗುಳ್ಳೆ.

ಒಳ್ಳೆಯದೊಂದು ಕಳೆದೂ ಹೋಗಿದೆ.
ಕರೆಂಟು ಹೋದ ರಾತ್ರಿ ಬಂದಿತ್ತು,
ಬೆಳಗಾಗಲಿ ನೋಡೋಣ ಅಂತ ಮಲಗಿದೆ.
ಬೆಳಗ್ಗೆ ಸೀದ ಅನ್ನದ ನೀರು ಕುಡಿಯುತ್ತ ಲಾಲಾವು ಕೇಳಿದಳು,
ರಾತ್ರಿ ಅದೇನದು? ಚೆನ್ನಾಗಿತ್ತು.
ಅವಳಿಗೆ ಮೊದಲ ತುಂಡು ನೆನಪು, ನನಗೆ ಕೊನೆಯದು.
ಎರಡು ದಡದಲ್ಲಿ ನಿಂತು
ಒಬ್ಬರನ್ನೊಬ್ಬರು ನೋಡಿ ನಕ್ಕೆವು.

ಒಮ್ಮೆ, ಹಿರಿಯರ ಎಲುಬಿಗೆ ಹೊಸ ರೇಷ್ಮೆ ಸುತ್ತುವ ಹಬ್ಬಕ್ಕೆ
ಬೆತಾಫು ಕಡೆಯವರು ಕರೆದರು.
ಆರು ಕೊಳಲು, ಎರಡು ಡೋಲು, ಒಂದು ತುತ್ತೂರಿ, ನಾನು.
ಇಡೀ ಮಧ್ಯಾಹ್ನ ಬಾರಿಸಿದೆ. ನನಗೇ ನಾನು ಕೇಳಿಸಲಿಲ್ಲ.
ಊಟ ಚೆನ್ನಾಗಿತ್ತು, ಕೊಬ್ಬು ತೇಲುವ ಹಂದಿ, ಕೆಂಪಕ್ಕಿ ಅನ್ನ.
ಗೋರಿಯಿಂದ ತೆಗೆದ ಮುದುಕನೊಬ್ಬನನ್ನು ಹೆಗಲ ಮೇಲೆ ಕುಣಿಸುತ್ತ
ನನ್ನ ಪಕ್ಕದಲ್ಲೇ ಹಾಯಿಸಿದರು.
ಅವನಿಗಾದರೂ ಕೇಳಿಸಿತೆಂದು ಇಟ್ಟುಕೊಂಡಿದ್ದೇನೆ.

ಈಗ ಮೂರನೇ ಮೆಟ್ಟಿಲಿನ ವಿಷಯ.
ಅದಕ್ಕೆ ಮೊಳೆ ಹೊಡೆಯುವಾಗ ಗಿರಾಕಿ ಕೂಗಿದ,
ಬಂದು ನೋಡಿದರೆ ಅಕ್ಕಿಕಾಳಿನಷ್ಟು ಪಕ್ಕಕ್ಕಿತ್ತು.
ಹನ್ನೊಂದು ವರ್ಷದಿಂದ ನನ್ನ ಹಾಡುಗಳೆಲ್ಲ
ಅಲ್ಲಿಗೆ ಬಂದು ಎಡವುತ್ತವೆ,
ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ.
ಮೇಷ್ಟ್ರು ಅಲ್ಲಿ ಕಣ್ಣು ಮುಚ್ಚುತ್ತಾರೆ, ಹಲ್ಲುನೋವಿನವರಂತೆ.
ಕಿತ್ತು ಸರಿಮಾಡಬೇಕು ಅಂತ
ಪ್ರತಿ ಮಳೆಗಾಲ ಅಂದುಕೊಳ್ಳುತ್ತೇನೆ.

ಮೊನ್ನೆ, ರಿಕ್ಷಾ ಎಳೆಯುವ ತಿಯಾನನ ಮಗ,
ಹತ್ತು ವರ್ಷವಿರಬೇಕು, ಹಲಗೆಯೊಂದನ್ನು ಹಿಡಿದು ಬಂದ.
ನನ್ನದನ್ನು ಪಕ್ಕಕ್ಕಿಟ್ಟುಕೊಂಡು ದಾರದಿಂದ ಅಳೆದ,
ಗಂಟು ಹಾಕಿದ, ಮತ್ತೆ ಅಳೆದ, ಮತ್ತೆ ಗಂಟು.
ನಾಲಿಗೆ ತುದಿ ಹೊರಗಿತ್ತು.
ಮೂರನೆಯದಕ್ಕೆ ಬಂದಾಗ ನಾನು ಬಾಯಿ ತೆರೆದೆ.
ಅವನು ಅದನ್ನು ಎರಡು ಸಲ ಅಳೆದ,
ಸಾಲದೆಂದು ಇನ್ನೊಂದು ಸಲ,
ಗಂಟನ್ನು ಹಲ್ಲಲ್ಲಿ ಕಚ್ಚಿ ಬಿಗಿದ.

ಹೇಳಬಹುದಿತ್ತು.
ಸ್ಪ್ಯಾನರು ಹುಡುಕುವ ನೆಪದಲ್ಲಿ ಒಳಗೆ ಹೋದೆ.
ಹೊರಬಂದಾಗ ಹುಡುಗ ಇರಲಿಲ್ಲ.
ಬೋಗುಣಿಯಲ್ಲಿ ಯಾರದೋ ಟ್ಯೂಬು
ಒತ್ತುವವರಿಲ್ಲದೆಯೂ ಗುಳ್ಳೆ ಬಿಡುತ್ತಿತ್ತು.
ವಾಲ್ವಿನದೋ ಏನೋ, ನೋಡಲಿಲ್ಲ.