ಒಂಬತ್ತು ದಿನದ ಫ್ಯಾನು

ಮೊದಲು ಬಂದದ್ದು ಕರೆಂಟಿನದು.
ಫೋನಿಗೇ ಬಂತು, ಫೋಟೋ ತೆಗೆದು, ಸ್ವಲ್ಪ ವಾರೆಯಾಗಿ,
ಚೀಟಿಯ ಮೂಲೆಯಲ್ಲಿ ಮನೆಯೊಡೆಯನ ಹೆಬ್ಬೆರಳು.
"ಟೀಚರ್, ಫ್ಯಾನು ಆರಿಸದೆ ಹೋಗಿದ್ದೀರಿ.
ಒಂಬತ್ತು ದಿನ ತಿರುಗಿದೆ.
ನೀವು ಒಳಗೇ ಇದ್ದೀರಿ ಅಂದುಕೊಂಡಿದ್ದೆವು."

ನಾನಾಗ ಗಾಂಧಿ ಬಜಾರಿನಲ್ಲಿ
ಅಣ್ಣ ವಿಠೋಬನ ಟೈಲರ್ ಅಂಗಡಿಯ ಹಿಂದೆ
ಯಾರದೋ ಮದುವೆಯ ಬ್ಲೌಸಿಗೆ ಹುಕ್ ಹಾಕುತ್ತಿದ್ದೆ.
ಎಂ.ಎಸ್ಸಿ. ಗಣಿತ. ಹೆಸರು ಸುಲಭಾ.
ಇಟ್ಟವರನ್ನು ಈಗ ಕೇಳುವಂತಿಲ್ಲ.

ಆಮೇಲೆ ಒಂದೊಂದೇ.
ನೀರಿನದು. ಇಂಟರ್‌ನೆಟ್ಟಿನದು, ಕರಾರು ಮುರಿದ ದಂಡ ಸೇರಿ.
ಶಾಲೆಯದು: ನೋಟೀಸು ಕೊಡದ್ದಕ್ಕೆ ಒಂದು ತಿಂಗಳ ಸಂಬಳ,
ಲೈಬ್ರರಿ ಪುಸ್ತಕ ಒಂದು,
ಬೋರ್ಡಿನ ಮೇಲೆ ವೃತ್ತ ಎಳೆಯುವ ಮರದ ಕೈವಾರ ಒಂದು.
ಪುಸ್ತಕ ನನ್ನ ಹತ್ತಿರ ಇದೆ.
ಕೈವಾರ ಇಲ್ಲ. ದೇವರಾಣೆ ಇಲ್ಲ.

ಉಳಿದ ಲೈನಿಂಗ್ ಬಟ್ಟೆಯ ಮೇಲೆ, ಅಣ್ಣನ ಚಾಕಿನಿಂದ,
ರುಫಿಯಾ ಒಂದಕ್ಕೆ ಐದೂವರೆ ರೂಪಾಯಿ ಹಿಡಿದು ಗುಣಿಸಿದೆ.
ಬ್ಲೌಸು ಒಂದಕ್ಕೆ ಹನ್ನೆರಡು ರೂಪಾಯಿ ಹಿಡಿದು ಭಾಗಿಸಿದೆ.
ಶಿವಮೊಗ್ಗದಲ್ಲಿ ಅಷ್ಟು ಹೆಂಗಸರಿದ್ದಾರೋ ಇಲ್ಲವೋ.

ಯಾಕೆ ಬಂದೆ ಎಂದು ಎಲ್ಲರೂ ಕೇಳುತ್ತಾರೆ.
ದುರ್ಗಿಗುಡಿಯ ಚಿಕ್ಕಮ್ಮನಿಗೆ: ನೀರು ಒಗ್ಗಲಿಲ್ಲ.
ನೆಹರೂ ರಸ್ತೆಯ ಬ್ಯಾಂಕಿನವರಿಗೆ: ಕರಾರು ಮುಗೀತು.
ಅತ್ತಿಗೆ ಕೇಳಲಿಲ್ಲ.
ಅಳತೆ ಪಾವನ್ನು ಇನ್ನೊಂದು ಸಲ ಅಕ್ಕಿ ಡಬ್ಬಿಗೆ ಇಳಿಸಿದಳು,
ಸದ್ದು ಮಾತ್ರ ಕೇಳಿಸಿತು.

ನಿಜ ಇಷ್ಟೇ. ಒಂದು ಮಂಗಳವಾರ, ಒಂಬತ್ತನೇ ಕ್ಲಾಸು,
ಬೋರ್ಡಿನ ಮೇಲೆ ಎರಡು ಸಮಾಂತರ ರೇಖೆ ಎಳೆದೆ.
ಎಡಗಿಟಕಿಯಲ್ಲಿ ಸಮುದ್ರ. ಬಲಗಿಟಕಿಯಲ್ಲೂ ಸಮುದ್ರ.
ಮೂರು ವರ್ಷದಿಂದ ಹಾಗೇ ಇತ್ತು.
ಅವತ್ತು ಮಾತ್ರ ಉಸಿರು ಸಾಲಲಿಲ್ಲ.
ನಾಲ್ಕು ಗಂಟೆಯ ದೋಣಿಯಲ್ಲಿ ಒಂದು ಜಾಗ ಇತ್ತು.

ಇದೂ ಒಂದು ಕಾರಣವೇ?
ಮಕ್ಕಳು ಹೀಗೆ ಬರೆದಿದ್ದರೆ ಪಕ್ಕದಲ್ಲಿ ಕೆಂಪಿನಲ್ಲಿ ಗೀಚುತ್ತಿದ್ದೆ:
ಹಂತಗಳನ್ನು ತೋರಿಸು.

ಬಂದ ವಾರ ಸೇತುವೆ ತನಕ ಒಬ್ಬಳೇ ನಡೆದೆ.
ತುಂಗೆಗೆ ಎರಡು ದಡ ಇವೆ.
ಸಮಾಂತರವಾಗಿಲ್ಲ. ಪರವಾಗಿಲ್ಲ.

ಬಾರದೆ ಉಳಿದ ಬಿಲ್ಲು ಒಂದೇ, ಶರೀಫಾಳ ಅಂಗಡಿಯದು.
ಮೊಟ್ಟೆ, ಹಾಲಿನ ಪುಡಿ, ನಾನು ಅಲ್ಲಿ ಹೋಗಿ ತಿನ್ನಲು ಕಲಿತ
ಟ್ಯೂನಾ ಡಬ್ಬಿ, ಬೋಟು ಬಂದ ದಿನದ ಟೊಮೆಟೊ.
ಅವಳಿಗೆ ಕಣ್ಣು ಮಂಜು. "ಟೀಚರ್, ನೀವೇ ಬರೆದುಕೊಳ್ಳಿ,
ಲೆಕ್ಕದ ಟೀಚರ್ ಸುಳ್ಳು ಬರೆಯುತ್ತಾರಾ?"
ಆರು ತಿಂಗಳು ನಾನೇ ಬರೆದೆ.
ಅವಳ ಮೊಮ್ಮಗಳು ನಾಜ಼ಿಮಾ ಹಠ ಮಾಡಿದಳೆಂದು
ನಮ್ಮೂರಿನ ಅಂಕಿಗಳಲ್ಲಿ ಬರೆದೆ.
ಅವಳಿಗೆ ೪ ಕಂಡರೆ ನಗು.
"ಇದು ಮೀನು ಟೀಚರ್, ಬಾಲ ಮೇಲೆ ಮಾಡಿದೆ."

ಅಂದರೆ,
ಆ ದ್ವೀಪದಲ್ಲಿ ನನ್ನ ಸಾಲ ಇದೆ,
ಓದಬಲ್ಲವರು ಒಬ್ಬರೂ ಇಲ್ಲ.

ರಾತ್ರಿ ಅಂಗಡಿಯಲ್ಲಿ ಕರೆಂಟು ಹೋಗುತ್ತದೆ.
ಫ್ಯಾನು ನಿಲ್ಲುವ ಮೊದಲು ಕೊನೆಯ ಕೆಲವು ಸುತ್ತು
ಎಣಿಸುವಷ್ಟು ನಿಧಾನ ತಿರುಗುತ್ತದೆ.
ಎಣಿಸುತ್ತೇನೆ.
ಅಣ್ಣನ ಮೆಸ್ಕಾಂ ಬಿಲ್ಲನ್ನು ನಾನೇ ಕಟ್ಟುತ್ತೇನೆ,
ಕಡೆಯ ದಿನಕ್ಕೆ ನಾಲ್ಕು ದಿನ ಮೊದಲು. ಅವನು ನಗುತ್ತಾನೆ.

ಐದನೇ ತಿಂಗಳು ಮನೆಯೊಡೆಯನ ಬಾಕಿ ಪೂರ್ತಿ ಕಳಿಸಿ,
ಸಂಕೋಚದಿಂದ ಒಂದು ಮಾತು ಸೇರಿಸಿದೆ:
ಶರೀಫಾಳ ಪುಸ್ತಕದ ಕೊನೆಯ ಪುಟದ ಫೋಟೋ ಸಿಗಬಹುದೇ?

ಬಂತು. ಮತ್ತೆ ವಾರೆ, ಮತ್ತೆ ಅದೇ ಹೆಬ್ಬೆರಳು.
ನನ್ನ ಅಕ್ಷರ. ನನ್ನ ಮೊತ್ತ: ೨,೬೧೭.
ಅದರ ಕೆಳಗೆ ಪೆನ್ಸಿಲಿನಲ್ಲಿ, ನನ್ನದಲ್ಲದ ಕೈ,
೪ ೪ ೪ ೪ ೪ ೪
ಪುಟದ ಅಂಚಿನವರೆಗೆ,
ಬಾಲ ಮೇಲೆ ಮಾಡಿಕೊಂಡು, ಸಾಲಾಗಿ.

ಚಾಕು ಹಿಡಿದು ಕೂತಿದ್ದೇನೆ.
ಅಣ್ಣ ಕೇಳುತ್ತಿದ್ದಾನೆ, ಎಷ್ಟಾಯ್ತೇ?