ಬೆಲ್ಟು ಕಳಚಿದ ಮೇಲೆ

ಮೋಟಾರು ಹಾಕಿಸೇ ಬೀರಮ್ಮ,
ಸ್ವಿಚ್ಚು ಒತ್ತಿದರೆ ಸಾಕು, ಮೊಣಕಾಲು ಉಳಿದೀತು
ಎಂದು ವರ್ಷಕ್ಕೊಬ್ಬರಾದರೂ ಹೇಳುತ್ತಾರೆ.
ಹಾಕಿಸಿಲ್ಲ.
ಕಾರಣ ಕೇಳಿದರೆ ಕರೆಂಟಿನ ಬಿಲ್ಲು ಎನ್ನುತ್ತೇನೆ.

ಅಂಕೋಲೆ ಮೀನುಪೇಟೆಯ ತಿರುವಿನಲ್ಲಿ
ಸೈಕಲ್ ರಿಪೇರಿಯ ಗೋಡೆಗಂಟಿ ನನ್ನ ಅಂಗಡಿ,
ಅಗಲ ಒಂದು ಮಂಚದಷ್ಟು.
ಬಾಗಿಲಿಗೆ ತೂಗುಬಿಟ್ಟ ನೈಟಿಗಳೇ ಪರದೆ.
ಹೋಳಿ ಹುಣ್ಣಿಮೆಗೆ ಎರಡು ದಿನ ಬಾಕಿ,
ಮಾಲಿನಿ ಟೀಚರರ ರೇಷ್ಮೆ ರವಿಕೆ ಸಂಜೆಯೊಳಗೆ ಬೇಕು,
ಬಗಲಿನ ಹೊಲಿಗೆಯಲ್ಲಿದ್ದೆ.

ಮೊದಲು ಬಂದದ್ದು ಸದ್ದಲ್ಲ.
ಡಬ್ಬಿಯೊಳಗಿನ ಗುಂಡಿಗಳು ಸಣ್ಣಗೆ ನಡುಗಿದವು.
ಆಮೇಲೆ ದೂರದಲ್ಲಿ, ಪೋಸ್ಟಾಫೀಸಿನ ಆಚೆ ಎಲ್ಲೋ,
ಗುಮ್ ಟಕ ಗುಮ್, ಗುಮ್ ಗುಮ್ ಟಕ.
ಸುಗ್ಗಿಯವರು. ಬೆಳಂಬಾರದ ಕಡೆಯಿಂದ ಪೇಟೆಗಿಳಿದಿದ್ದಾರೆ.

ನಾನು ಕಣ್ಣೆತ್ತಲಿಲ್ಲ, ದೇವರಾಣೆ.
ಕಿವಿಯನ್ನೂ ಕೊಡಲಿಲ್ಲ.
ಆದರೆ ಕಾಲಿಗೆ ಬೇರೆ ಕಿವಿ ಇದೆಯಲ್ಲ,
ಹಿಮ್ಮಡಿಯ ಬಿರುಕಿನಲ್ಲೋ ಎಲ್ಲೋ,
ಅದಕ್ಕೆ ಕೇಳಿಹೋಯಿತು.
ಪೆಡಲು ಗುಮ್ಮಿಗೆ ಇಳಿಯಿತು, ಟಕಕ್ಕೆ ಎದ್ದಿತು,
ಜೋಡಿ ಗುಮ್ಮಿಗೆ ಜೋಡಿಯಾಗಿ ಓಡಿತು.
ಸೂಜಿ ಪಾಪ ಏನು ಮಾಡೀತು,
ನೇರ ಹೋಗಬೇಕಾದ ದಾರ
ಗಂಗಾವಳಿ ಹೊಳೆಯ ಹಾಗೆ ಸೊಟ್ಟಸೊಟ್ಟ ಹರಿದು
ಮೂರು ಅಂಗುಲ ದಾಟಿದ ಮೇಲೆ ನನಗೆ ಎಚ್ಚರ.

ಎದ್ದು ಹೋಗಿ ನೋಡಬಹುದಿತ್ತು.
ನೋಡುವುದು ಬೇರೆ.
ಚಿಕ್ಕಂದಿನಲ್ಲಿ ನಮ್ಮ ಓಣಿಯ ಹುಡುಗರು ತುರಾಯಿ ಕಟ್ಟಿ ಕುಣಿವಾಗ
ನಾನೂ ಅಂಗಳಕ್ಕೆ ಇಳಿದಿದ್ದೆ.
ಗಂಡಸರ ಆಟ, ನಿನಗೆಂತಕೆ? ಎಂದು
ಅಜ್ಜಿ ಕಿವಿ ಹಿಂಡಿ ಒಳಗೆಳೆದಳು.
ಹಿಂಡಿದ್ದು ಮೇಲಿನ ಕಿವಿಯನ್ನು ಮಾತ್ರ.

ಹಾಗಾಗಿ ಒಂದು ಕೆಲಸ ಮಾಡಿದೆ.
ಬಗ್ಗಿ, ಚಕ್ರದಿಂದ ಚರ್ಮದ ಬೆಲ್ಟು ಕಳಚಿದೆ.
ಸೂಜಿ ರೇಷ್ಮೆಯನ್ನು ಕಚ್ಚಿಕೊಂಡೇ ನಿಂತಿತು.
ಮೇಜಿನ ಮೇಲೆ ನಾನು ಟೇಲರು:
ಎರಡು ಕೈ ಬಟ್ಟೆಯ ಮೇಲೆ, ಕೊರಳಲ್ಲಿ ಟೇಪು, ಮುಖ ಗಂಭೀರ.
ಮೇಜಿನ ಕೆಳಗೆ ಚಕ್ರ ಹಗುರಾಗಿ
ಯಾರಿಗೂ ಏನನ್ನೂ ಹೊಲಿದುಕೊಡಬೇಕಿಲ್ಲದೆ
ಗಿರಗಿರ ತಿರುಗಿತು.
ಪಾದ, ಮೀನಖಂಡ, ತೊಡೆ,
ಐವತ್ತೆರಡು ವರ್ಷದ ಸೊಂಟದ ತನಕ ತಾಳ ಏರಿ
ಅಲ್ಲೊಂದು ಗಳಿಗೆ ಅನುಮಾನಿಸಿ ನಿಂತು
ಮತ್ತೆ ಏರಿತು.

ತಂಡ ಅಂಗಡಿ ಮುಂದೆಯೇ ಬಂತು.
ಗುಮಟೆಯವನು ಚಿಕ್ಕ ಹುಡುಗ, ಮೀಸೆ ಇನ್ನೂ ಮೂಡಿಲ್ಲ.
ಬಲಗೈ ಬೆರಳು ಚರ್ಮದ ಮೇಲೆ,
ಎಡ ಅಂಗೈ ಮಡಕೆಯ ಹಿಂಬಾಯಿ ಮುಚ್ಚಿ, ತೆರೆದು,
ಒಳಗಿನ ಗಾಳಿಗೆ ಉಸಿರಾಡಲು ಕಲಿಸುವಂತೆ.
ನೈಟಿಗಳ ಸಂದಿಯಿಂದ ಇಣುಕಿದ.
ಬಟ್ಟೆ ಸರಿಯುತ್ತಿಲ್ಲ, ಚಕ್ರ ಸುತ್ತುತ್ತಿದೆ.
ಅವನಿಗೆ ತಿಳಿಯಿತು. ನಗಲಿಲ್ಲ.
ಇಪ್ಪತ್ತು ರೂಪಾಯಿ ಕೊಟ್ಟ ಮೇಲೂ ಹೋಗದೆ
ಬಡಿತ ಒಂದಿಷ್ಟು ಜೋರು ಮಾಡಿದ,
ನಾನೂ ಮಾಡಿದೆ.
ಅವನು ನಿಧಾನಿಸಿದ. ನಾನು ನಿಧಾನಿಸಲಿಲ್ಲ.
ಅವನೇ ಓಡಿಬಂದು ನನ್ನ ಕಾಲು ಹಿಡಿಯಬೇಕಾಯಿತು,
ಸಾಕು ಬಾರೋ ಬೊಮ್ಮು, ಎಂದು ಹಿರಿಯರು ಕೂಗುವ ತನಕ.

ಬಸ್‌ಸ್ಟ್ಯಾಂಡಿನತ್ತ ಹೋದರು.
ಕಾಲು ನಿಲ್ಲಲು ಮತ್ತೆಷ್ಟೋ ಹೊತ್ತು ಬೇಕಾಯಿತು.
ಪಕ್ಕದ ಸೈಕಲ್ಲಿನವನು ಗೋಡೆಯಾಚೆಯಿಂದ
ಮಿಷನ್ನು ಕೆಟ್ಟಿತೇನೆ? ಎಂದ.
ಹೂಂ, ಬೆಲ್ಟು ಜಾರಿತ್ತು, ಎಂದೆ.

ಆ ಮೂರು ಅಂಗುಲ ಬಿಚ್ಚಲಿಲ್ಲ.
ಬಗಲ ಒಳಗೆ ಯಾರಿಗೆ ಕಾಣುತ್ತದೆ?
ಮಾಲಿನಿ ಟೀಚರು ತೊಟ್ಟು ನೋಡಿ
ಇಲ್ಲೆಂತದೋ ಎಳೀತದಲ್ಲ, ಎಂದು
ಕೈ ಎತ್ತಿ, ಇಳಿಸಿ,
ಮತ್ತೆ ಎತ್ತಿ, ಭುಜ ಕುಣಿಸಿ,
ಇನ್ನೊಂದು ಸಲ ಕುಣಿಸಿ,
ದುಡ್ಡು ಕೊಟ್ಟು ಹೋದರು.