ಗಾಳಿಯೂರಿನಲ್ಲಿ ತೂಕ

ಪುಂಟಾ ಅರೇನಾಸ್‌ನಲ್ಲಿ ಗಾಳಿ ಎದ್ದ ದಿನ
ನಗರಸಭೆಯವರು ಬೀದಿಬದಿಗೆ ಹಗ್ಗ ಕಟ್ಟುತ್ತಾರೆ.
ನಿಂತಲ್ಲಿ ನಿಂತಿರುವುದೂ ಇಲ್ಲಿ ಒಂದು ಕೆಲಸ.

ತಂಗಿ ಡಾನಿಟ್ಸಾ ಕಳೆದ ವರ್ಷ ಏಳು ಕಿಲೋ ಇಳಿದಳು.
ಚಪ್ಪಾಳೆ ಬಿತ್ತು.
ಆಸ್ಪತ್ರೆಯ ಮಾರಿಸೊಲ್ ಗುರುವಾರ ಗುರುವಾರ ಫೋನು ಮಾಡುತ್ತಿದ್ದರು,
ಈಗಿಲ್ಲ.
ಇಳಿದದ್ದು ಇಳಿದೇ ಇದ್ದರೆ
ಚಪ್ಪಾಳೆ ತಟ್ಟುವವರು ಯಾರು?

ಫ್ರಿಜ್ಜಿನ ಬಾಗಿಲಿಗೆ ನಾಲ್ಕೂ ಜನರ ಪಟ್ಟಿ:
ಅಪ್ಪ ನಡೆದದ್ದು, ಅಮ್ಮ ನಡೆದದ್ದು,
ಕಡ್ಡಿಯಂತಿರುವ ನಾನೂ.
"ನನ್ನ ಕೋಲಾ ಏನು ತಪ್ಪು ಮಾಡಿತ್ತು?"
ಅಮ್ಮ ಕ್ಯಾರೆಟ್ ಹೆಚ್ಚುತ್ತಲೇ ಅಂದಳು,
"ಈ ಮನೆಯಲ್ಲಿ ಪಂಕ್ತಿಭೇದ ಇಲ್ಲ."

ನಿನ್ನೆ, ನಾನು ಬೂಟಿನೊಳಗೆ ಬಚ್ಚಿಟ್ಟ ಬಿಸ್ಕತ್ತಿನ ಪೊಟ್ಟಣ
ಅವಳ ಕೈಗೆ ಸಿಕ್ಕಿತು.
ಅತ್ತಳೇ? ಇಲ್ಲ. ತಿಂದಳೇ? ಒಂದು.
ಮಿಕ್ಕದ್ದನ್ನು ತಂದು ಊಟದ ಮೇಜಿನ ಮೇಲಿಟ್ಟಳು.
ಅಪ್ಪ ಎದ್ದು, ಲಾರಿಯ ಕೀಲಿ ಹಿಡಿದು,
ತುಟಿಪಿಟಕ್ಕೆನ್ನದೆ ಹೊರಗೆ ಹೋಗಿ
ಸೀಟಿನಡಿಯ ಚಾಕಲೇಟು ತಂದ.

ಊಟವಾದ ಮೇಲೆ ಜಲಸಂಧಿಯ ದಂಡೆಗೆಂದು ಹೊರಟೆವು.
ಎದುರುಗಾಳಿ. ಹಗ್ಗ ಹಿಡಿದು ನಾಲ್ವರೂ
ಅರ್ಧ ಗಂಟೆ ಏಗಿ ತಲುಪಿದ್ದು
ಮೂಲೆಯ ಬೇಕರಿಯವರೆಗೆ.
ಮುಚ್ಚಿತ್ತು. ಅವಳೇ ಮೊದಲು ನಕ್ಕಳು.